ಒಳಗಿನ ಚಿಲಕ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕೀಲಿಯಮ್ಮ ಎನ್ನುತ್ತಿದ್ದರು. ಅವಳಿಗೂ ಅದೇ ಒಗ್ಗಿಹೋಗಿ, ಯಾರಾದರೂ ಹೆತ್ತವರು ಇಟ್ಟ ಹೆಸರು ಹಿಡಿದು ಕರೆದರೆ ತನ್ನನ್ನೇ ಕರೆದದ್ದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಅಗಲವಾದ ಕಿಟಕಿ, ಕಿಟಕಿಗೆ ತಾಗಿ ದಪ್ಪ ಹಲಗೆ, ಹಲಗೆಯ ಮೇಲೆ ಕೀ ಕೊರೆಯುವ ಯಂತ್ರ, ಗೋಡೆಯ ತುಂಬ ಮೊಳೆಗಳಿಗೆ ಗೊಂಚಲು ಗೊಂಚಲಾಗಿ ನೇತುಹಾಕಿದ ಖಾಲಿ ಕೀಗಳು. ಗಿರಾಕಿ ತಂದ ಕೀಯನ್ನು ಯಂತ್ರದ ಒಂದು ಹಿಡಿಕೆಗೂ ಖಾಲಿ ಕೀಯನ್ನು ಇನ್ನೊಂದಕ್ಕೂ ಸಿಕ್ಕಿಸಿ ಅವಳು ಗುಂಡಿ ಒತ್ತಿದರೆ ಹಿತ್ತಾಳೆಯ ಪುಡಿ ಮೊಣಕೈವರೆಗೂ ಹಾರುತ್ತಿತ್ತು. ಕೊರೆದದ್ದನ್ನು ಸಣ್ಣ ಅರದಿಂದ ತೀಡಿ, ಹೆಬ್ಬೆರಳಿನಿಂದ ಹಲ್ಲುಗಳನ್ನು ಸವರಿ ನೋಡಿ ಕೊಡುತ್ತಿದ್ದಳು. ಕೊರೆಯುವಾಗ ಕೆಟ್ಟುಹೋದ ಕೀ ಇದ್ದರೆ ಗಿರಾಕಿಯ ಕಣ್ಣೆದುರೇ ತುಂಡು ಮಾಡಿ ಆ ತುಂಡುಗಳನ್ನೂ ಅವನ ಕೈಗೇ ಹಾಕುತ್ತಿದ್ದಳು. ಅದು ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಪರರ ಮನೆಯ ಕೀ ತಮ್ಮ ಮನೆಯಲ್ಲಿ ಒಂದು ರಾತ್ರಿಯೂ ಇರಕೂಡದು.

ಅತ್ತೆ ಗಂಡನನ್ನು ಕಳೆದುಕೊಂಡ ಮೇಲೆ ತಾನೇ ಆ ಯಂತ್ರದ ಮುಂದೆ ಕೂತು ಮಗನನ್ನು ಬೆಳೆಸಿದವಳು. ಕಣ್ಣು ಮಂಜಾದಾಗ ಯಂತ್ರವನ್ನು ಸೊಸೆಗೆ ಬಿಟ್ಟುಕೊಟ್ಟಳು, ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ನಡುಮನೆಯ ಮಂಚದ ಮೇಲೆ ಕೂತೇ, ಯಂತ್ರದ ಸದ್ದು ಕೇಳಿ, "ಅಷ್ಟು ಒತ್ತಬೇಡ ಕಣೇ, ಹಲ್ಲು ಹಾರಿಹೋಗುತ್ತೆ" ಎಂದು ಕೂಗುತ್ತಿದ್ದಳು. ಬಹಳ ಸಲ ಅವಳು ಹೇಳಿದ್ದು ಸರಿಯಾಗಿರುತ್ತಿದ್ದುದರಿಂದ ಸೊಸೆಗೆ ಇನ್ನಷ್ಟು ಉರಿಯುತ್ತಿತ್ತು.

ಕೀಲಿಯ ಕೆಲಸ ಅವಳದು, ಬೀಗದ ಕೆಲಸ ಗಂಡನದು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕೀ ಕಳೆದುಕೊಂಡು ಮೆಟ್ಟಿಲ ಮೇಲೆ ಕೂತವರು, ಕೀಯನ್ನು ಬೀಗದೊಳಗೇ ಮುರಿದುಕೊಂಡವರು, ಜಗಳವಾಡಿ ಒಳಗಿಂದ ಬಾಗಿಲು ಹಾಕಿಕೊಂಡವರ ಮನೆಯವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನು ಬಾಗಿಲ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿಕೊಂಡು, ಬೀಗದೊಳಗೆ ತಂತಿಯಾಡಿಸುತ್ತಿದ್ದ. ಎದುರು ಅಂಗಡಿಯ ದರ್ಜಿ ಒಮ್ಮೆ, "ದೇವರ ಮುಂದೆ ಕೂತ ಹಾಗಿದೆಯಲ್ಲೋ ಮೇಸ್ತ್ರಿ" ಎಂದು ಹಾಸ್ಯ ಮಾಡಿದ. "ದೇವರು ಇಷ್ಟು ಬೇಗ ತೆರೆಯಲ್ಲ" ಎಂದನಂತೆ ಮೇಸ್ತ್ರಿ. ಮಾತು ಕಡಿಮೆಯ ಮನುಷ್ಯ. ಆಡಿದ ಇಂಥ ಒಂದೊಂದು ಮಾತನ್ನು ಬೀದಿಯವರು ವರ್ಷಗಟ್ಟಲೆ ಇಟ್ಟುಕೊಂಡು ಖರ್ಚು ಮಾಡುತ್ತಿದ್ದರು.

ಒಂದು ವರ್ಷ, ಅವನು ಬೀಗ ಹಾಕಿಕೊಟ್ಟ ಮನೆಯೊಂದರಲ್ಲಿ ಕಳ್ಳತನವಾಯಿತು. ಪೊಲೀಸರು ಅವನನ್ನು ಕರೆಸಿ ಕೂರಿಸಿಕೊಂಡು ಕೇಳಬೇಕಾದ್ದನ್ನು ಕೇಳಿ, ಚಹಾ ಕೊಟ್ಟು ಕಳಿಸಿದರು. ಕಳ್ಳ ಹಿಂದಿನ ಕಿಟಕಿಯ ಸರಳು ಬಗ್ಗಿಸಿ ನುಗ್ಗಿದ್ದನೆಂದು ಮರುದಿನವೇ ತಿಳಿಯಿತು. ಬೀಗಕ್ಕೆ ಏನೂ ಆಗಿರಲಿಲ್ಲ. ಆದರೆ ಮೇಸ್ತ್ರಿಗೆ ಆಗಿತ್ತು. ಕಾರಣ ಹುಡುಕುವವರಿಗೆ ಅದೇ ಕಾರಣವಾಗಿ ಸಿಕ್ಕಿತು. ಆ ಕಳ್ಳತನವಾಗದಿದ್ದರೆ ಬೇರೆ ಏನೋ ಆಗುತ್ತಿತ್ತು ಎಂದು ಅತ್ತೆಗೆ ಮಾತ್ರ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

ಅವನು ಮೊದಲು ನಿದ್ದೆ ಬಿಟ್ಟ, ಆಮೇಲೆ ಊಟ ಬಿಟ್ಟ. ತಾನು ಈವರೆಗೆ ಮಾಡಿದ ಬೀಗಗಳೆಲ್ಲ ಸಡಿಲವಾಗಿವೆ, ತನ್ನಿಂದಾಗಿ ಊರಿನ ಬಾಗಿಲುಗಳೆಲ್ಲ ತೆರೆದುಕೊಂಡಿವೆ ಎಂಬುದು ಅವನ ತಲೆ ಹೊಕ್ಕಿತು. ಕೀ ಕೊರೆಯಬೇಡ ಎಂದು ಹೆಂಡತಿಯ ಕೈ ಹಿಡಿಯತೊಡಗಿದ. "ಒಂದೊಂದು ಕೀ ಅಂದ್ರೆ ಒಂದೊಂದು ತೂತು ಕಣೇ. ನಾವು ಊರಿಗೆಲ್ಲ ತೂತು ಮಾರ್ತಾ ಇದೀವಿ." ಬೆಳಗಾದರೆ ಬೀದಿಗಿಳಿದು ಕಂಡವರ ಬಾಗಿಲ ಬೀಗ ಎಳೆದು ನೋಡುತ್ತಿದ್ದ. ಒಂದು ದಿನ ದರ್ಜಿ ಅಂಗಡಿಗೆ ಬಂದಾಗ ಬಾಗಿಲು ಹಾರುಹೊಡೆದಿತ್ತು. ಒಳಗೆ ಮೇಸ್ತ್ರಿ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದ.

"ಇದೇನೋ?"

"ಬಾಗಿಲು ತೆರೆದಿತ್ತು. ಅದಕ್ಕೆ ಕಾವಲು ಕೂತೆ."

"ತೆರೆದಿತ್ತಾ? ನಾನೇ ಬೀಗ ಹಾಕಿ ಎಳೆದು ನೋಡಿ ಹೋಗಿದ್ದೆನಲ್ಲೋ!"

"ತೆರೆಯುತ್ತೇನೋ ಅಂತ ನೋಡಿದೆ. ತೆರೀತು."

ದರ್ಜಿ ಮೊದಲು ನಕ್ಕ. ಗೆಳೆಯನ ಮುಖ ಕಂಡು ಸುಮ್ಮನಾದ. ಬೇರೆಯವರು ನಗಲೂ ಇಲ್ಲ, ಸುಮ್ಮನಿರಲೂ ಇಲ್ಲ. ಊರಿನ ಬೀಗ ತೆರೆಯಬಲ್ಲವನಿಗೆ ತಲೆ ಕೆಟ್ಟಿದೆ ಎಂದರೆ ಹೆದರಿಕೆಯಾಗುವುದು ಸಹಜವೇ. ಅದೇ ವಾರ ಅವನು ಹೆಂಡತಿಗೆ, ನೀರು ಬೇಕು ಎನ್ನುವಷ್ಟೇ ಸಮಾಧಾನದಿಂದ ಹೇಳಿದ: "ನಾನಿಲ್ಲದಿದ್ರೆ ಈ ಊರಿನವರೆಲ್ಲ ನೆಮ್ಮದಿಯಾಗಿ ಮಲಗ್ತಾರೆ." ಅವಳು ಯಂತ್ರ ನಿಲ್ಲಿಸಿ, ಕೈ ಕೂಡ ತೊಳೆಯದೆ ಅವನನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋದಳು.

ಡಾಕ್ಟರಮ್ಮ ಅವನ ಜೊತೆ ಬಹಳ ಹೊತ್ತು ಮಾತಾಡಿ, ಆಮೇಲೆ ಅವಳನ್ನು ಒಳಗೆ ಕರೆದರು. ಎರಡು ದಾರಿಗಳಿವೆ ಎಂದರು. ದೊಡ್ಡಾಸ್ಪತ್ರೆಗೆ ಸೇರಿಸುವುದು ಒಂದು. ಮನೆಯಲ್ಲೇ ಇಟ್ಟುಕೊಂಡು ನೋಡುವುದು ಇನ್ನೊಂದು. ದಿನಾ ಬೆಳಿಗ್ಗೆ ಸಂಜೆ ತಮ್ಮ ಕಡೆಯ ಸಿಸ್ಟರ್ ಮನೆಗೇ ಬರುತ್ತಾರೆ, ಮಾತ್ರೆ ಕೊಡುತ್ತಾರೆ, ಕೂತು ಮಾತಾಡುತ್ತಾರೆ, ಯಾವಾಗ ಕರೆದರೂ ಫೋನ್ ತೆಗೆಯುತ್ತಾರೆ. ಆದರೆ ಪಕ್ಕದಲ್ಲಿ ಸದಾ ಒಬ್ಬರು ಇರಬೇಕು. ಹರಿತವಾದದ್ದು ಕೈಗೆ ಸಿಗಬಾರದು. ಅವನು ಒಳಗಿಂದ ಬಾಗಿಲು ಹಾಕಿಕೊಳ್ಳುವಂತಿರಬಾರದು.

"ನಿಮಗಾಗುತ್ತಾ?" ಎಂದು ಕೇಳಿದರು.

"ಆಗುತ್ತೆ" ಎಂದಳು ಕೀಲಿಯಮ್ಮ. ಕೇಳಿದ್ದು ಪೂರ್ತಿ ತಲೆಗೆ ಹತ್ತುವ ಮೊದಲೇ ಉತ್ತರ ಹೊರಬಿದ್ದಿತ್ತು.

ಮನೆಗೆ ಬಂದು ವಿಷಯ ಹೇಳಿದಾಗ, ಮಗನ ಮದುವೆಯಾದಂದಿನಿಂದ ಮುಚ್ಚಿಟ್ಟಿದ್ದನ್ನು ಅತ್ತೆ ಅಂದು ಹೊರಗೆ ಹಾಕಿದಳು. ಮಗ ಮೀಸೆ ಮೂಡುವ ವಯಸ್ಸಿನಲ್ಲಿ ಹೀಗೇ ಆಗಿದ್ದ. ಆಗ ಅವಳೇ ಅವನನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಹೆಬ್ಬೆಟ್ಟು ಒತ್ತಿ ಬಂದಿದ್ದಳು. ವಾರ್ಡಿನ ಕಬ್ಬಿಣದ ಬಾಗಿಲಿಗೆ ದೊಡ್ಡ ಬೀಗ. ಒಂದು ದಿನ ಹುಡುಗ ಬಕೆಟ್ಟಿನ ಹಿಡಿಕೆಯ ತಂತಿ ಬಿಚ್ಚಿ ಆ ಬೀಗ ತೆರೆದ. ಓಡಿಹೋಗಲಿಲ್ಲ. ಬೀಗ ಕಚ್ಚಿಕೊಳ್ಳುತ್ತಿತ್ತು, ಸರಿಮಾಡುತ್ತಿದ್ದೆ ಎಂದ. ಅಲ್ಲಿನವರು ನಂಬಲಿಲ್ಲ, ಒಬ್ಬನನ್ನೇ ಬೇರೆ ಕೋಣೆಗೆ ಹಾಕಿ, ಹೊರಗಿಂದ ಎರಡು ಬೀಗ ಜಡಿದರು. ಮನೆಗೆ ಕರೆತಂದಾಗ ಅವನು ತಿಂಗಳುಗಟ್ಟಲೆ ಮಾತಾಡಲಿಲ್ಲ.

"ಅವತ್ತು ಅವನಿಗೆ ಮಾತು ಕೊಟ್ಟಿದೀನಿ" ಎಂದಳು ಅತ್ತೆ. "ನನ್ನ ಉಸಿರಿರೋವರೆಗೂ ಅಲ್ಲಿಗೆ ಕಳಿಸಲ್ಲ ಅಂತ."

"ಮಾತು ಕೊಟ್ಟಿದ್ದು ನೀವು, ಅತ್ತೆ. ನೋಡಿಕೊಳ್ಳಬೇಕಾದ್ದು ನಾನು."

"ಹಾಗಾದ್ರೆ ಕಳಿಸ್ತೀಯಾ?"

ಅವಳು ಸ್ಕ್ರೂ ಡ್ರೈವರ್ ತೆಗೆದುಕೊಂಡು ಕೆಲಸಕ್ಕೆ ಕೂತಳು.

ತಪ್ಪಾದದ್ದು ಅಲ್ಲಿ. ಆ ಮನೆಯಲ್ಲಿ ಬಾಗಿಲಿನ ಕೆಲಸವನ್ನು ಅರ್ಧ ಮಾಡಿ ಬಿಡುವ ಅಭ್ಯಾಸವಿರಲಿಲ್ಲ. ಬಚ್ಚಲಮನೆಯ ಚಿಲಕ ಬಿಚ್ಚಿದಳು, ಗಂಡ ಮಲಗುವ ಕೋಣೆಯದನ್ನು ಬಿಚ್ಚಿದಳು, ಅಲ್ಲಿಗೆ ನಿಲ್ಲದೆ ಅಡುಗೆಮನೆ, ಹಿತ್ತಿಲು, ಬೀರು, ಕಡೆಗೆ ಬೀದಿ ಬಾಗಿಲಿನ ಬೀಗವನ್ನೂ ಕಳಚಿ, ಎಲ್ಲವನ್ನೂ ಒಂದು ಡಬ್ಬದಲ್ಲಿ ಹಾಕಿದಳು. ಅವನ ತಂತಿ, ಅರ, ಚಿಮ್ಮಟಗಳ ಜೊತೆ ಆ ಡಬ್ಬವೂ ದರ್ಜಿಯ ಮನೆ ಸೇರಿತು. ಬೇರೆ ಯಾವ ಮನೆಯವರಾದರೂ ಇಷ್ಟೊಂದು ಮಾಡುತ್ತಿರಲಿಲ್ಲ. ಮಾಡಲು ಬರುತ್ತಲೂ ಇರಲಿಲ್ಲ. ಸಂಜೆಯ ಹೊತ್ತಿಗೆ ಆ ಮನೆಯಲ್ಲಿ ಹಾಕಿದರೆ ನಿಲ್ಲುವ ಬಾಗಿಲು ಒಂದೂ ಉಳಿದಿರಲಿಲ್ಲ. ಗಾಳಿ ಬೀಸಿದಾಗೆಲ್ಲ ಒಂದಾದ ಮೇಲೊಂದು ಬಡಿದುಕೊಳ್ಳುತ್ತಿದ್ದವು.

ಮೇಸ್ತ್ರಿ ಒಂದೊಂದೇ ಬಾಗಿಲ ಹತ್ತಿರ ಹೋಗಿ, ಸ್ಕ್ರೂ ಕಿತ್ತ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಂದಿನಿಂದ ಅವನು ಕೂರುವುದನ್ನೂ ಬಿಟ್ಟ. ಬೀದಿ ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಲ್ಲುವುದು. ಹಿತ್ತಿಲ ಬಾಗಿಲು ಬಡಿದುಕೊಂಡರೆ ಅಲ್ಲಿಗೆ ಓಡುವುದು. ಅಷ್ಟರಲ್ಲಿ ಇದು ತೆರೆದುಕೊಂಡರೆ ಇಲ್ಲಿಗೆ ಓಡಿಬರುವುದು.

"ಬನ್ನಿ ರೀ, ಸ್ವಲ್ಪ ಮಲಗಿ."

"ನೀನು ಮಲಗು. ನಾನು ಹಿಡಿದುಕೊಂಡಿದೀನಿ."

ಸಿಸ್ಟರ್ ದಿನಾ ಬಂದು ಮಾತ್ರೆ ಕೊಡುತ್ತಿದ್ದಳು. ವಯಸ್ಸು ಹೆಚ್ಚಿಲ್ಲ, ಆದರೆ ಸಲೀಸಾಗಿ ಹೆದರುವವಳಲ್ಲ. ಈ ಮಾತ್ರೆಗೆ ಕಾಡುಕೋಣವೂ ಮಲಗಬೇಕು, ಮೇಸ್ತ್ರಿಗಳು ಯಾಕೆ ಮಲಗುತ್ತಿಲ್ಲ ಎಂದು ಅವಳಿಗೆ ಬಗೆಹರಿಯದೆ ಹೋಯಿತು. ಕೆಲವು ದಿನಗಳಾದ ಮೇಲೆ, ಅವಳು ಚೀಲ ಕೆಳಗಿಡುತ್ತಿದ್ದಾಗ ಬೀದಿ ಬಾಗಿಲು ಬೀಸಿಬಂದು ಅವಳ ಮೊಣಕೈಗೆ ಹೊಡೆಯಿತು. ಅವಳು ಮೊಣಕೈ ಉಜ್ಜಿಕೊಳ್ಳುತ್ತ ಬಾಗಿಲನ್ನು ನೋಡಿದಳು.

"ಅಕ್ಕ, ಈ ಬಾಗಿಲಿನ ಬೀಗ ಎಲ್ಲಿ?"

"ಡಾಕ್ಟರಮ್ಮನೇ ಹೇಳಿದ್ರಲ್ಲ, ತೆಗೀಬೇಕು ಅಂತ."

"ಅವರು ಹೇಳಿದ್ದು ಬಚ್ಚಲಮನೆದು, ಅವರ ಕೋಣೆದು. ಬೀದಿ ಬಾಗಿಲಿಂದೂ ತೆಗೆದುಬಿಟ್ರಾ? ಅಯ್ಯೋ, ಬೀಗದ ಮೇಸ್ತ್ರಿಯನ್ನ ಬೀಗ ಇಲ್ಲದ ಮನೇಲಿ ಕೂರಿಸಿದೀವಾ! ನಾನಾದ್ರೂ ಇಷ್ಟು ದಿನ ನೋಡಬಾರದಿತ್ತೇ?"

ಆ ದಿನವೇ ಡಬ್ಬ ವಾಪಸು ಬಂತು. ಬೀದಿ ಬಾಗಿಲಿನ ಬೀಗವನ್ನು ಅವನೇ ಹಾಕಲಿ, ನಾವಿಬ್ಬರೂ ಪಕ್ಕದಲ್ಲೇ ಕೂರೋಣ ಎಂದಳು ಸಿಸ್ಟರ್. ಮೇಸ್ತ್ರಿ ಸ್ಕ್ರೂ ಹಿಡಿದು ತೂತಿಗೆ ಇಟ್ಟ. ಮಾತ್ರೆಯ ದೆಸೆಯಿಂದ ಕೈ ನಡುಗುತ್ತಿತ್ತು. ಸ್ಕ್ರೂ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಕಣ್ಣು ಮುಚ್ಚಿಕೊಂಡು ಬೀಗ ತೆರೆಯುತ್ತಿದ್ದ ಮನುಷ್ಯ ಉರುಳಿಹೋದ ಸ್ಕ್ರೂವಿನ ಹಿಂದೆ ನೆಲದ ಮೇಲೆ ತಡಕಾಡುವ ಸದ್ದು ಕೇಳಲಾರದೆ ಅತ್ತೆ ಮಗ್ಗುಲು ತಿರುಗಿದಳು. ಕಡೆಗೆ ಅವನು ಸ್ಕ್ರೂ ಡ್ರೈವರನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಬೀಗ ಕೂರಿಸಿದಳು. ಅವನು ಎಳೆದು ನೋಡಿ, ಕೀ ತಿರುಗಿಸಿ ನೋಡಿ, ಹೋಗಿ ಮಲಗಿದ. ಮಧ್ಯಾಹ್ನವೆಲ್ಲ ಗೊರಕೆ ಹೊಡೆದ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದುಬಿಡುವುದು ಸುಲಭ. ಆದರೆ ಹಾಗಾಗಲಿಲ್ಲ. ನಿದ್ದೆ ಬಂದದ್ದರಿಂದ ಅವನ ಕಾಲಿಗೆ ಬಲ ಬಂತು, ತಲೆಯೊಳಗಿನದು ಹೋಗಲಿಲ್ಲ. ಬೀದಿಗೆ ಹೋಗಿ ಬಾಗಿಲುಗಳನ್ನು ನೋಡಿಬರುತ್ತೇನೆ ಎಂದು ದಿನಕ್ಕೆ ಹತ್ತು ಸಲ ಏಳುತ್ತಿದ್ದ. ಕೀಲಿಯಮ್ಮ ಬೀದಿ ಬಾಗಿಲಿಗೆ ಒಳಗಿಂದ ಬೀಗ ಹಾಕಿ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಒಳಗೆ, ಅವಳೂ ಒಳಗೆ. ಅವನ ಕಣ್ಣು ಅವಳ ಸೊಂಟದ ಮೇಲೆ, ಅವಳ ಕಣ್ಣು ಅವನ ಕೈಗಳ ಮೇಲೆ.

ಅಂಗಡಿ ಒಂದು ಗೋಡೆಯ ಆಚೆಗಿತ್ತು, ಆದರೂ ಅವಳಿಗೆ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ಯಂತ್ರದ ಸದ್ದು ಕೇಳಿದರೆ ಅವನು ಎದ್ದುಬಂದು ಅದರ ಕರೆಂಟಿನ ತಂತಿ ಕೀಳುತ್ತಿದ್ದ. ಗಿರಾಕಿಗಳು ಮುಚ್ಚಿದ ಕಿಟಕಿ ತಟ್ಟಿ, "ಕೀಲಿಯಮ್ಮ, ಒಂದೇ ಒಂದು ಕೀ" ಎಂದು ಕೂಗಿ, ಸೋತು ಹೋಗುತ್ತಿದ್ದರು. ಒಲೆಯ ಮುಂದೆ ನಿಂತರೆ ಒಂದು ಕಿವಿ ಅವನ ಕಡೆ. ಸ್ನಾನಕ್ಕೆ ಹೋದರೆ ತಲೆಗೆ ನೀರು ಹೊಯ್ದುಕೊಳ್ಳಲು ಹೆದರಿಕೆ, ನೀರಿನ ಸದ್ದಿನಲ್ಲಿ ಬೇರೆ ಸದ್ದು ಕೇಳಿಸದೆ ಹೋದರೆ ಎಂದು. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲವಾಗಿ ಅವಳನ್ನು ನಂಬಿ ಬಿಟ್ಟುಹೋಗುವಂತಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು. ಸೊಸೆ ಒಂದು ಗಳಿಗೆ ಕದಲಿದರೆ, "ಎಲ್ಲಿ ಹೋದೆ? ಅವನ ಹತ್ತಿರ ಯಾರಿದಾರೆ?" ಎಂದು ಮಂಚದಿಂದ ಕೂಗು ಬರುತ್ತಿತ್ತು.

ಸಿಸ್ಟರ್ ಬಂದಾಗಲೆಲ್ಲ ಹೊರಡುವ ಮುಂಚೆ ಕೇಳುತ್ತಿದ್ದಳು: "ಅಕ್ಕ, ನಿಮಗೆ ಹೇಗಿದೆ? ಆಗ್ತಾ ಇದೆಯಾ?"

ಅತ್ತೆ ಮಂಚದ ಮೇಲೆ ತಲೆಯೆತ್ತಿ ಕಿವಿಗೊಡುತ್ತಿದ್ದಳು. ಬಾಗಿಲ ಬಳಿ ನಿಂತ ಗಂಡನೂ ತಿರುಗುತ್ತಿದ್ದ. ಆಗುವುದಿಲ್ಲ ಎಂದು ಒಂದು ಸಲ ಬಾಯಿಂದ ಬಂದರೆ ಅವನು ದೊಡ್ಡಾಸ್ಪತ್ರೆಗೆ ಹೋಗುತ್ತಾನೆ, ಕಬ್ಬಿಣದ ಬಾಗಿಲಾಚೆ ಬೀಳುತ್ತಾನೆ, ಕಳಿಸಿದವಳು ತಾನಾಗುತ್ತೇನೆ. ಕೀಲಿಯಮ್ಮನಿಗೆ ಅದಷ್ಟೇ ಕಾಣುತ್ತಿತ್ತು. ಜೊತೆಗೆ ಇನ್ನೊಂದೂ ಕಾಣುತ್ತಿತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ: ಅವನು ಹೋಗಲಿ ಎಂದು ತನ್ನ ಮನಸ್ಸು ಬೇಡುತ್ತಿದೆ. ಅವನಿಲ್ಲದ ಮನೆಯಲ್ಲಿ ಒಂದು ಹಗಲು ಬೋರಲಾಗಿ ಮಲಗಬೇಕೆಂದು ಮೈಯೆಲ್ಲ ಕೇಳುತ್ತಿದೆ.

"ಆಗ್ತಾ ಇದೆ" ಎನ್ನುತ್ತಿದ್ದಳು.

"ನನ್ನ ಸೊಸೆ ಗಟ್ಟಿಗಿತ್ತಿ" ಎನ್ನುತ್ತಿದ್ದಳು ಅತ್ತೆ. ಅಷ್ಟು ವರ್ಷ ಅವಳ ಬಾಯಿಂದ ಬರದಿದ್ದ ಹೊಗಳಿಕೆ ಈಗ ದಿನಕ್ಕೆರಡು ಸಲ ಬರುತ್ತಿತ್ತು. ಅದು ಬೆನ್ನು ತಟ್ಟಿದ ಹಾಗಿರಲಿಲ್ಲ, ಕತ್ತು ಹಿಡಿದ ಹಾಗಿತ್ತು.

ಒಂದು ಬೆಳಿಗ್ಗೆ ಅವಳು ಬಚ್ಚಲಮನೆಗೆ ಹೋಗಿ, ಚಿಲಕವಿಲ್ಲದ ಬಾಗಿಲಿಗೆ ಬಕೆಟ್ಟು ಅಡ್ಡ ಇಟ್ಟು, ಮೋರಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಳು. ನೀರು ಬಿಡಲಿಲ್ಲ, ಏನೂ ಮಾಡಲಿಲ್ಲ. ಕೂರುವುದೇ ಅವಳಿಗೆ ಬೇಕಾಗಿತ್ತು. "ಎಲ್ಲಿ ಹೋದೆ?" ಎಂದಳು ಅತ್ತೆ. ಅವಳು ಓಗೊಡಲಿಲ್ಲ. ಬಕೆಟ್ಟು ಜರುಗಿತು, ಬಾಗಿಲು ತೆರೆಯಿತು. ಮೇಸ್ತ್ರಿ ನಿಂತಿದ್ದ.

"ಈ ಬಾಗಿಲೂ ತೆರೆಯುತ್ತೆ" ಎಂದ, ಬೇಸರದಿಂದ.

"ಹೋಗ್ರೀ ಆಚೆ!" ಎಂದು ಅವಳು ಕಿರುಚಿದಳು. ಮದುವೆಯಾದಂದಿನಿಂದ ಅವನ ಮೇಲೆ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. "ಒಂದು ಬಾಗಿಲಾದ್ರೂ ನನಗೆ ಬಿಡಿ!"

ಅವನು ಅವಳನ್ನು ನೋಡಿದ. ಬಹಳ ದಿನಗಳ ನಂತರ ಅವಳನ್ನೇ ನೋಡಿದ, ಅವಳ ಸೊಂಟವನ್ನಲ್ಲ.

"ನಿನಗೂ ಬಾಗಿಲು ಬೇಕಾ?" ಎಂದು ಕೇಳಿದ.

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಿಸ್ಟರ್ ಬರುವ ಹೊತ್ತಾಗಿತ್ತು. ಆವತ್ತು ಜೊತೆಗೆ ಅವರ ತಂಡದ ಇನ್ನೊಬ್ಬನೂ ಬಂದಿದ್ದ. ಇಬ್ಬರಿಗೂ ಬಾಗಿಲು ತೆರೆದುಕೊಟ್ಟು, ಕೀಯನ್ನು ಸಿಸ್ಟರ್‌ನ ಕೈಗೆ ಹಾಕಿ, ಕೆದರಿದ ತಲೆಯಲ್ಲೇ ಬರಿಗಾಲಲ್ಲಿ ಬೀದಿ ದಾಟಿ ದರ್ಜಿಯ ಅಂಗಡಿಗೆ ನುಗ್ಗಿದಳು. ಅಂಗಡಿಯ ಮೂಲೆಯಲ್ಲಿ, ಹೊಲಿದ ಬಟ್ಟೆ ಹಾಕಿಕೊಂಡು ನೋಡಲು ಪ್ಲೈವುಡ್ಡಿನ ಒಂದು ಗೂಡಿತ್ತು. ಒಳಗೆ ಕನ್ನಡಿ, ಒಂದು ಸ್ಟೂಲು, ಬಾಗಿಲಿಗೆ ಚಿಲಕ.

"ಏನಮ್ಮ ಕೀಲಿಯಮ್ಮ, ಅಳತೆ ಕೊಡೋಕೆ ಬಂದೆಯಾ?" ಎಂದ ದರ್ಜಿ.

ಅವಳು ಗೂಡಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ದರ್ಜಿ ಹೊಲಿಗೆ ನಿಲ್ಲಿಸಿದ. ಅಷ್ಟರಲ್ಲಿ ಹೊಸ ಕೋಟು ಹಾಕಿ ನೋಡಲು ಬಂದ ಗಿರಾಕಿಯೊಬ್ಬ ಗೂಡಿನ ಬಾಗಿಲು ಎಳೆದ. "ಒಳಗೆ ಜನ ಇದಾರೆ" ಎಂದ ದರ್ಜಿ. "ಎಷ್ಟು ಹೊತ್ತು?" ಎಂದ ಗಿರಾಕಿ. "ಅವರಿಗೆ ಬಟ್ಟೆ ಸರಿಯಾಗಿ ಕೂರೋವರೆಗೂ. ನೀವು ನಾಳೆ ಬನ್ನಿ."

ಸಿಸ್ಟರ್ ತನ್ನ ಜೊತೆಯವನನ್ನು ಮೇಸ್ತ್ರಿಯ ಬಳಿ ಕೂರಿಸಿ ಹಿಂದೆಯೇ ಬಂದಳು. ಬಾಗಿಲು ತಟ್ಟಲಿಲ್ಲ. ಗೂಡಿನ ಪಕ್ಕದಲ್ಲಿದ್ದ ಬಟ್ಟೆಯ ಗಂಟಿನ ಮೇಲೆ ಕೂತಳು.

"ಅಕ್ಕ, ನಾನು. ಬಾಗಿಲು ತೆಗೀಬೇಡಿ. ಹಾಗೇ ಮಾತಾಡಿ."

ಒಳಗೆ ಸ್ಟೂಲು ಕಿರುಗುಟ್ಟಿತು.

"ಅವರ ಜೊತೆ ನಮ್ಮವರಿದಾರೆ. ಅವಸರ ಏನಿಲ್ಲ."

ಪ್ಲೈವುಡ್ಡಿನ ಆಚೆಯಿಂದ ದನಿ ಬಂತು. "ಆಗಲ್ಲ, ಸಿಸ್ಟರ್."

"ಹೂಂ."

"ನನ್ನಿಂದ ಆಗಲ್ಲ. ಮೊದಲಿಂದಾನೂ ಆಗ್ತಿರಲಿಲ್ಲ. ಸುಳ್ಳು ಹೇಳಿದೆ."

"ಸುಳ್ಳು ಹೇಳಿಸಿದ್ದು ನಾನು. ಪ್ರತಿ ಸಲ ಅಜ್ಜಿ ಮುಂದೆ, ಅವರ ಮುಂದೆ ನಿಲ್ಲಿಸಿ ಕೇಳಿದ್ರೆ ನೀವು ಇನ್ನೇನು ಹೇಳ್ತೀರಿ? ಹೊರಗೆ ಕರೆದು ಕೇಳಬೇಕಿತ್ತು."

"ಈಗ ಕರ್ಕೊಂಡು ಹೋಗ್ತೀರಲ್ಲ? ದೊಡ್ಡಾಸ್ಪತ್ರೆಗೆ."

"ಅದು ಒಂದೇ ದಾರಿ ಅಲ್ಲ. ಇನ್ನೊಂದು ಮನೆ ಇದೆ. ಮನೆ ಅಂದ್ರೆ ಮನೆನೇ, ಬಾಡಿಗೆಗೆ ಹಿಡಿದಿದೀವಿ. ಇಂಥ ಹೊತ್ತಲ್ಲಿ ಕೆಲವು ದಿನ ಬಂದಿದ್ದು ಹೋಗೋಕೆ. ಹಗಲು ರಾತ್ರಿ ಒಬ್ಬರು ಎಚ್ಚರ ಇರ್ತಾರೆ. ನಾನು ಅಲ್ಲಿಗೂ ಬರ್ತೀನಿ. ಮೊದಲೇ ಹೇಳಬೇಕಿತ್ತು, ಜಾಗ ಖಾಲಿ ಇರಲಿಲ್ಲ. ನಿನ್ನೆ ಒಬ್ಬರು ಮನೆಗೆ ಹೋದರು. ಆದ್ರೆ ಒಂದು ಮಾತು, ಅವರೇ ಒಪ್ಪಿ ಬರಬೇಕು. ಎತ್ತಿಕೊಂಡು ಹೋಗೋ ಜಾಗ ಅಲ್ಲ ಅದು. ಒಪ್ಪದೇ ಹೋದ್ರೆ, ನಿಮ್ಮಿಂದಲೂ ಆಗದೇ ಇದ್ರೆ, ಆಗ ಆಸ್ಪತ್ರೆನೇ. ನಾನು ಮುಚ್ಚಿಡಲ್ಲ."

ಒಳಗೆ ಚಿಲಕ ಅಲುಗಿದ ಸದ್ದಾಯಿತು.

"ಅಲ್ಲಿ ಬಾಗಿಲುಗಳಿಗೆ ಏನು ಹಾಕಿದೀರಿ?" ಎಂದು ಕೇಳಿದಳು ಕೀಲಿಯಮ್ಮ.

ಅತ್ತೆ ಸುತರಾಂ ಒಪ್ಪಲಿಲ್ಲ. "ಹೆಸರು ಬದಲಾಯಿಸಿದ್ರೆ ಆಸ್ಪತ್ರೆ ಮನೆ ಆಗಿಬಿಡುತ್ತಾ? ನನಗೂ ಅವತ್ತು ಹೀಗೇ ನಯವಾಗಿ ಹೇಳಿದ್ರು. ನಾಲ್ಕು ದಿನ ಅಂದ್ರು. ಹೆಬ್ಬೆಟ್ಟು ಒತ್ತಿಸ್ಕೊಂಡ್ರು." ಆಮೇಲೆ ಸೊಸೆಯ ಕಡೆ ತಿರುಗಿದಳು. "ಗಟ್ಟಿಗಿತ್ತಿ ಅಂದುಕೊಂಡಿದ್ದೆ ನಿನ್ನ."

"ಅಲ್ಲ, ಅತ್ತೆ" ಎಂದಳು ಅವಳು. "ನಾನು ಗಟ್ಟಿಗಿತ್ತಿ ಅಲ್ಲ. ಅವರಿಗೇ ಕೇಳೋಣ."

ಮೇಸ್ತ್ರಿಗೆ ಸಿಸ್ಟರ್ ಎಲ್ಲವನ್ನೂ ಹೇಳಿದಳು. ಹೆಂಡತಿಗೆ ಆಗುತ್ತಿಲ್ಲ ಎಂಬುದನ್ನೂ ಹೇಳಿದಳು. ಅವನು ಬಾಗಿಲಿಗೆ ಒತ್ತಿದ ಅಂಗೈ ತೆಗೆಯದೆ ಕೇಳಿಸಿಕೊಂಡ.

"ನೋಡಿ ಹೇಳ್ತೀನಿ" ಎಂದ.

ಹಗಲಲ್ಲೇ ನಡೆದುಕೊಂಡು ಹೋದರು. ದಾರಿಯಲ್ಲಿ ಅವನು ಬಾಗಿಲು ಕಂಡಲ್ಲೆಲ್ಲ ನಿಲ್ಲುತ್ತಿದ್ದ, ಕೀಲಿಯಮ್ಮ ನಿಂತು ಕಾಯುತ್ತಿದ್ದಳು. ಆ ಮನೆ ಎರಡು ಬೀದಿ ದಾಟಿದರೆ ಒಂದು ಅಚ್ಚುಕೂಟದ ಪಕ್ಕದಲ್ಲಿತ್ತು. ಗೋಡೆಗೆ ಹಳದಿ ಬಣ್ಣ, ನಡುಮನೆಯಲ್ಲಿ ಒಂದು ಮೇಜು. ಮೇಜಿನ ಬಳಿ ಹೆಂಗಸೊಬ್ಬಳು ಬಟಾಣಿ ಸುಲಿಯುತ್ತ, ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದಳು. ಯಾರೂ ಅವಳನ್ನು ತಿದ್ದಲಿಲ್ಲ. ಮನೆ ನೋಡಿಕೊಳ್ಳುವವನು ನರೆಗೂದಲಿನ ದಪ್ಪ ಮನುಷ್ಯ. ಅವನು ಮೇಸ್ತ್ರಿಯನ್ನು ಕೋಣೆಗೆ ಕರೆದುಕೊಂಡುಹೋದ.

ಮೇಸ್ತ್ರಿ ಮಂಚ ನೋಡಲಿಲ್ಲ, ಕಿಟಕಿ ನೋಡಲಿಲ್ಲ. ಬಾಗಿಲ ಮುಂದೆ ಮಂಡಿಯೂರಿದ. ಒಳಗೆ ಚಿಲಕವಿತ್ತು. ಹಾಕಿದ, ತೆಗೆದ. ಹೊರಗೆ ಹೋಗಿ ನೋಡಿದ. ಚಿಲಕದ ನೇರಕ್ಕೆ ಹೊರಮೈಯಲ್ಲಿ ನಾಣ್ಯ ಹಿಡಿಸುವಷ್ಟು ಒಂದು ಸೀಳಿತ್ತು.

"ಇದು ಸುಳ್ಳು ಚಿಲಕ" ಎಂದ.

ಕೀಲಿಯಮ್ಮ ಅವನ ಹತ್ತಿರಕ್ಕೆ ಸರಿದಳು.

"ಹೌದು ಮೇಸ್ತ್ರಿಗಳೇ" ಎಂದ ಮನೆ ನೋಡಿಕೊಳ್ಳುವವನು. "ಒಳಗಿಂದ ನೀವು ಹಾಕ್ಕೋಬಹುದು. ನಮಗೆ ತೀರಾ ಭಯ ಆದ್ರೆ ಹೊರಗಿಂದ ನಾವು ತೆಗೀಬಹುದು. ತೆಗೆಯೋಕೆ ಮುಂಚೆ ತಟ್ಟಿ, ಕೂಗಿ ಹೇಳ್ತೀವಿ."

"ಸುಳ್ಳು ಅಂತ ನೀವೇ ಒಪ್ಪಿಕೊಳ್ತೀರಲ್ಲ."

"ಇನ್ನೇನು ಮಾಡಲಿ? ಬೀಗದವರ ಹತ್ತಿರ ಚಿಲಕದ ವಿಷಯ ಮುಚ್ಚಿಡೋಕಾಗುತ್ತಾ?"

ಮೇಸ್ತ್ರಿಯ ತುಟಿಯ ಒಂದು ಕೊನೆ ಅಲುಗಿತು. ಅವನು ಒಳಗೆ ಹೋಗಿ ಚಿಲಕ ಹಾಕಿಕೊಂಡ. "ಈಗ ತೆಗೀರಿ" ಎಂದು ಒಳಗಿಂದ ಕೂಗಿದ. ಆ ಮನುಷ್ಯ ಬಾಗಿಲು ತಟ್ಟಿ, "ಮೇಸ್ತ್ರಿಗಳೇ, ತೆಗೀತಾ ಇದೀನಿ" ಎಂದು ಹೇಳಿ ನಾಣ್ಯ ತಿರುಗಿಸಿದ. ಬಾಗಿಲು ತೆರೆಯಿತು. ಹೀಗೆ ಎಷ್ಟೋ ಸಲ ನಡೆಯಿತು. ಪ್ರತಿ ಸಲವೂ ಅವನು ತಟ್ಟಿದ, ಪ್ರತಿ ಸಲವೂ ಕೂಗಿದ. ಬಟಾಣಿ ಸುಲಿಯುತ್ತಿದ್ದ ಹೆಂಗಸು, "ಏನು, ಆಟ ಮುಗೀತಾ ಇಲ್ವಾ?" ಎಂದು ಗೊಣಗಿದಳು.

"ಬೀದಿ ಬಾಗಿಲಿನ ಕೀ ಯಾರ ಹತ್ತಿರ?" ಎಂದ ಮೇಸ್ತ್ರಿ.

"ಅಲ್ಲೇ ಮೊಳೆಗೆ ನೇತುಹಾಕಿದೆ. ಬೇಕಾದವರು ತಗೋಬಹುದು. ನೀವು ಹೊರಟರೆ ನಮ್ಮಲ್ಲೊಬ್ಬರು ಜೊತೆಗೆ ಬರ್ತಾರೆ, ಅಷ್ಟೇ."

ಮೇಸ್ತ್ರಿ ಮೊಳೆಯಿಂದ ಕೀ ತೆಗೆದು ಬೆಳಕಿಗೆ ಹಿಡಿದ. "ಹಲ್ಲು ಸವೆದಿದೆ. ಇನ್ನು ಸ್ವಲ್ಪ ದಿನಕ್ಕೆ ಬೀಗದಲ್ಲೇ ಮುರಿಯುತ್ತೆ." ಅವನು ಅದನ್ನು ಹೆಂಡತಿಯ ಕಡೆ ಚಾಚಿದ. "ಇವಳು ಹೊಸದು ಮಾಡಿಕೊಡ್ತಾಳೆ. ಒಂದೇ."

ಅವಳು ಕೀ ತೆಗೆದುಕೊಂಡಳು. ಅವನು ಕೋಣೆಗೆ ಹೋಗಿ ಮಂಚದ ಮೇಲೆ ಕೂತ. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೊರಡುವಾಗ ಅವಳು, "ಬರ್ತೀನಿ ರೀ" ಎಂದ ಮಾತಿಗೆ ಎದ್ದುಬಂದು ಚಿಲಕ ಹಾಕಿಕೊಂಡ. ಅವಳು ಬಾಗಿಲ ಈಚೆ ನಿಂತು ಸ್ವಲ್ಪ ಹೊತ್ತು ಕಾದಳು, ಆ ಸೀಳನ್ನು ನೋಡುತ್ತ. ಆಮೇಲೆ ಹೊರಟಳು.

ಮನೆಗೆ ಬಂದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೀಲಿಯಮ್ಮ ಅಂಗಡಿಯ ಕಿಟಕಿ ತೆರೆದು, ಯಂತ್ರದ ಧೂಳು ಒರೆಸಿ, ಆ ಕೀಗೆ ಬದಲಿಯಾಗಿ ಹೊಸದನ್ನು ಕೊರೆದು, ಹೋಗಿ ಕೊಟ್ಟುಬಂದಳು. ಬಂದ ಮೇಲೂ ಅತ್ತೆ ಹಾಗೇ ಮಲಗಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ. ಮೂರು ಜನರಿದ್ದ ಮನೆಯಲ್ಲಿ ಈಗ ಇಬ್ಬರೇ. ಒಬ್ಬಳು ಕಳಿಸಿದವಳು, ಇನ್ನೊಬ್ಬಳು ಕಳಿಸಲಾರೆನೆಂದು ಮಾತು ಕೊಟ್ಟವಳು. ಇಬ್ಬರಿಗೂ ಹೋಗಲು ಬೇರೆ ಜಾಗವಿಲ್ಲ.

"ಹಗುರ ಆಯ್ತು ಅಲ್ವಾ ನಿನಗೆ?" ಎಂದಳು ಅತ್ತೆ ಕಡೆಗೆ, ಗೋಡೆಗೆ ಹೇಳುವಂತೆ.

ಇಲ್ಲ ಎನ್ನಬಹುದಿತ್ತು. ಅಳಬಹುದಿತ್ತು, ಅತ್ತರೆ ಅತ್ತೆಗೂ ಒಂದು ಸಮಾಧಾನವಾಗುತ್ತಿತ್ತು.

"ಹೂಂ, ಆಯ್ತು" ಎಂದಳು ಕೀಲಿಯಮ್ಮ.

ಅತ್ತೆ ಇದಕ್ಕೆ ಸಿದ್ಧವಾಗಿರಲಿಲ್ಲ. ಮಗ್ಗುಲು ಬದಲಿಸಿ, ಕಾಣದ ಕಣ್ಣಿನಿಂದ ಸೊಸೆ ನಿಂತ ಕಡೆ ನೋಡಿದಳು.

"ಊಟ ಹೇಗಂತೆ ಅಲ್ಲಿ?"

"ಗೊತ್ತಿಲ್ಲ. ನಾಳೆ ನೀವೂ ಬನ್ನಿ, ಕೇಳೋಣ."

"ನಾನಾ?" ಮುದುಕಿ ಮಂಚದ ಅಂಚನ್ನು ಹಿಡಿದುಕೊಂಡಳು. "ನನ್ನನ್ನ ಒಳಗೆ ಬಿಡ್ತಾರಾ?"

"ಬಿಡ್ತಾರೆ."

"ಆಮೇಲೆ ಹೊರಗೆ?"

"ಹೊರಗೂ ಬಿಡ್ತಾರೆ, ಅತ್ತೆ. ನಾನು ಬಂದೆನಲ್ಲ."

"ನೀನು ಬಂದೆ" ಎಂದಳು ಅತ್ತೆ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಸೊಸೆ ಅಲ್ಲೇ, ನಡುಮನೆಯ ನೆಲದ ಮೇಲೆ, ತಲೆದಿಂಬೂ ಇಲ್ಲದೆ ಬೋರಲಾಗಿ ಮಲಗಿ ನಿದ್ದೆಹೋದದ್ದು ಉಸಿರಿನ ಸದ್ದಿನಿಂದಲೇ ಅತ್ತೆಗೆ ಗೊತ್ತಾಯಿತು. ಬೀದಿಯಿಂದ ಯಾರೋ ಅಂಗಡಿಯ ಕಿಟಕಿ ತಟ್ಟಿ, "ಕೀಲಿಯಮ್ಮ, ಒಂದು ಕೀ" ಎಂದರು.

"ನಾಳೆ ಬನ್ನಿ" ಎಂದು ಮಂಚದಿಂದಲೇ ಗದರಿದಳು ಮುದುಕಿ. "ಮಲಗಿದಾಳೆ."